ಹಿಂದಿಯವರಿಗಾಗಿ ಮಾಡಿದ ಎಡಿಟೋರಿಯಲ್ ವೊಕ್ಯಾಬ್ ಕೋರ್ಸ್: ಎರಡೂವರೆ ವರ್ಷ ಬಳಸಿದ ಮೇಲೆ

ಒಂದು ವಾರ ಫ್ರೀ ಟ್ರಯಲ್ ನೋಡಿ ಬರೆದ ರಿವ್ಯೂ ಅಲ್ಲ ಇದು. 2023ರ ಜನವರಿಯಲ್ಲಿ ದುಡ್ಡು ಕಟ್ಟಿದೆ, 2025ರ ಜೂನ್‌ನಲ್ಲಿ ನಿಲ್ಲಿಸಿದೆ. ನಡುವೆ ಊರಿಗೆ ಹೋದ ದಿನ, ಜ್ವರ ಬಂದು ಮಲಗಿದ ದಿನ ಬಿಟ್ಟರೆ ದಿನಾ ಬಳಸಿದ್ದೇನೆ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಇಟ್ಟುಕೊಂಡು ಪದ ಕಲಿಸುವ ಕೋರ್ಸ್. ಹಿಂದಿ ಮಾತಾಡುವ ಹುಡುಗ ಹುಡುಗಿಯರಿಗಾಗಿಯೇ ಮಾಡಿದ್ದು. ಹೆಸರು ಬರೆಯುವುದಿಲ್ಲ. ಈ ಥರದ್ದು ಹತ್ತಾರಿವೆ, ನಮ್ಮ ರೂಮಿನಲ್ಲಿ ಮೂರು ಜನ ಮೂರು ಬೇರೆ ಬೇರೆ ಕೋರ್ಸ್ ತೆಗೆದುಕೊಂಡು ಪಕ್ಕಪಕ್ಕ ಇಟ್ಟು ನೋಡಿದ್ದೇವೆ, ಒಳಗಿರುವ ಸರಕು ಒಂದೇ. ಹಾಗಾಗಿ ಯಾವುದನ್ನು ತೆಗೆದುಕೊಳ್ಳಲು ಹೊರಟಿದ್ದರೂ ಇದು ನಿಮಗೆ ಉಪಯೋಗಕ್ಕೆ ಬರುತ್ತದೆ.

ನಾನು ರಾಣೆಬೆನ್ನೂರಿನವನು. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಕೇಂದ್ರ ಸರ್ಕಾರದ ಕೆಲಸಗಳಿಗೆ ಎಸ್‌ಎಸ್‌ಸಿ ನಡೆಸುವ ಸಿಜಿಎಲ್ ಪರೀಕ್ಷೆ ಬರೆಯಬೇಕು ಅಂತ ದೆಹಲಿಗೆ ಹೋಗಿ, ಕೋಚಿಂಗ್ ಸೆಂಟರುಗಳೇ ತುಂಬಿರುವ ಮುಖರ್ಜಿ ನಗರದ ಪಕ್ಕದ ನೆಹರು ವಿಹಾರದಲ್ಲಿ ರೂಮು ಮಾಡಿದ್ದೆ. ಜೊತೆಗೆ ಇಬ್ಬರು. ಒಬ್ಬ ಬಿಹಾರದ ಗಯಾದವನು, ಇನ್ನೊಬ್ಬ ಉತ್ತರ ಪ್ರದೇಶದ ಬಲ್ಲಿಯಾದವನು. ಇಬ್ಬರೂ ಪೂರ್ತಿ ಹಿಂದಿ ಮೀಡಿಯಂ. ಲೆಕ್ಕದಲ್ಲಿ ನನಗಿಂತ ಎಷ್ಟೋ ಮುಂದೆ, ರೀಸನಿಂಗ್ ಅಂತೂ ಕೇಳಲೇಬೇಡಿ. ಇಂಗ್ಲಿಷ್ ಪೇಪರ್ ಕೈಗೆ ಬಂದರೆ ಮಾತ್ರ ಮೂವರ ಮುಖವೂ ಬಾಡುತ್ತಿತ್ತು.

ಆ ಭಯಕ್ಕೆ ಕಾರಣ ಇದೆ. ಸಿಜಿಎಲ್ ಟಿಯರ್ 1ರಲ್ಲಿ, ಅಂದರೆ ಮೊದಲ ಹಂತದಲ್ಲಿ, 100 ಪ್ರಶ್ನೆಗಳಲ್ಲಿ 25 ಇಂಗ್ಲಿಷಿನವು. ಟಿಯರ್ 2ರಲ್ಲಿ 45 ಪ್ರಶ್ನೆ, ಒಂದೊಂದಕ್ಕೆ 3 ಅಂಕ, ತಪ್ಪಾದರೆ 1 ಅಂಕ ಹೋಗುತ್ತದೆ. ಉಳಿದ ವಿಷಯಗಳನ್ನು ಹಿಂದಿಯಲ್ಲಿ ಓದಿ ಪಾಸಾಗಬಹುದು, ಇದನ್ನು ಆಗುವುದಿಲ್ಲ. ಮುಖರ್ಜಿ ನಗರದಲ್ಲಿ ಈ ನೋವು ಹಳೆಯದು. 2014ರಲ್ಲಿ ಯುಪಿಎಸ್‌ಸಿ ಪ್ರಿಲಿಮ್ಸ್‌ನ ಸಿಸ್ಯಾಟ್ ಅನ್ನುವ ಆಪ್ಟಿಟ್ಯೂಡ್ ಪೇಪರ್ ವಿರುದ್ಧ ಹಿಂದಿ ಮೀಡಿಯಂ ಹುಡುಗರು ಇದೇ ಬೀದಿಗಳಲ್ಲಿ ಧರಣಿ ಕೂತಿದ್ದರು. ಆ ವರ್ಷ ಅದರ ಇಂಗ್ಲಿಷ್ ಪ್ರಶ್ನೆಗಳ ಅಂಕವನ್ನು ಮೆರಿಟ್‌ಗೆ ಸೇರಿಸುವುದಿಲ್ಲ ಅಂದರು, ಮುಂದಿನ ವರ್ಷ ಇಡೀ ಪೇಪರನ್ನೇ 33 ಪರ್ಸೆಂಟ್ ಬಂದರೆ ಸಾಕು ಅಂತ ಮಾಡಿದರು. ಬಲ್ಲಿಯಾದವನ ಅಣ್ಣ ಆಗ ಅಲ್ಲೇ ಇದ್ದರಂತೆ. ಅವನಿಗೆ ಇಂಗ್ಲಿಷ್ ಅಂದರೆ ಬರೀ ಒಂದು ಸಬ್ಜೆಕ್ಟ್ ಅಲ್ಲ, ಮನೆಯಲ್ಲಿ ಒಬ್ಬರ ನಾಲ್ಕು ವರ್ಷ ತಿಂದುಹಾಕಿದ ಸಂಗತಿ.

ಈಗ ಕೋರ್ಸಿನ ವಿಷಯ. ಬೆಳಿಗ್ಗೆ ಏಳರೊಳಗೆ ಆ್ಯಪ್‌ನಲ್ಲಿ ಪಿಡಿಎಫ್ ಬರುತ್ತದೆ. ಅವತ್ತಿನ ಒಂದೋ ಎರಡೋ ಸಂಪಾದಕೀಯ, ಹೆಚ್ಚಾಗಿ ದಿ ಹಿಂದೂ ಪತ್ರಿಕೆಯದ್ದು. ಅದರಿಂದ ಆರಿಸಿದ 15-20 ಪದ. ಪ್ರತಿ ಪದಕ್ಕೂ ದೇವನಾಗರಿಯಲ್ಲಿ ಉಚ್ಚಾರಣೆ, ಹಿಂದಿ ಅರ್ಥ, ನಾಲ್ಕು ಸಿನೊನಿಮ್, ಮೂರ್ನಾಲ್ಕು ಆಂಟೊನಿಮ್. ಆಮೇಲೆ ಒಂದು ಗಂಟೆಯ ವಿಡಿಯೊ, ಸರ್ ಸಾಲು ಸಾಲಾಗಿ ಓದಿ ಹಿಂದಿಯಲ್ಲಿ ಬಿಡಿಸಿ ಹೇಳುತ್ತಾರೆ. ಭಾನುವಾರ ಕ್ವಿಜ್. ಮೊದಲ ವರ್ಷ 599 ರೂಪಾಯಿ ಕೊಟ್ಟೆ, ಕೊನೆಯಲ್ಲಿ 999 ಆಗಿತ್ತು.

ಗಯಾದವನು ಮೊದಲ ವಾರವೇ ಕೇಳಿದ್ದ, 'ಭಯ್ಯಾ, ಮದ್ರಾಸಿನ ಪತ್ರಿಕೆಯನ್ನು ನಾವ್ಯಾಕೆ ಓದಬೇಕು?' ಸರಿಯಾದ ಪ್ರಶ್ನೆ. ಪತ್ರಿಕೆ ಶುರುವಾಗಿದ್ದೇ ಮದ್ರಾಸಿನಲ್ಲಿ, 1878ರಲ್ಲಿ ವಾರಪತ್ರಿಕೆಯಾಗಿ, ದಿನಪತ್ರಿಕೆಯಾಗಿದ್ದು 1889ರಲ್ಲಿ. ಆದರೆ ಬತ್ರಾ ಸಿನಿಮಾದಿಂದ ಜಿಟಿಬಿ ನಗರ ಮೆಟ್ರೊವರೆಗೆ ಎಷ್ಟು ಲೈಬ್ರರಿ ಇವೆಯೋ ಅಷ್ಟರಲ್ಲೂ ಮೇಜಿನ ಮೇಲೆ ಅದೇ ಇರುತ್ತದೆ. ಅಲ್ಲಿ ಲೈಬ್ರರಿ ಅಂದರೆ ಪುಸ್ತಕ ಇರುವ ಜಾಗ ಅಲ್ಲ, ತಿಂಗಳಿಗೆ ಬಾಡಿಗೆ ಕೊಟ್ಟು ಕೂತು ಓದುವ ಸೀಟು. ಸಂಪಾದಕೀಯ ಚಿಕ್ಕದು, ವಾದ ಒಂದೇ ಇರುತ್ತದೆ, ಹೇಳಬೇಕಾದ್ದನ್ನು ಸುತ್ತಿ ಬಳಸದೆ ಹೇಳುತ್ತದೆ. ಪದ ಕಲಿಯಲು ಇದಕ್ಕಿಂತ ಒಳ್ಳೆಯ ಅಳತೆಯ ಬರಹ ನನಗೆ ಸಿಕ್ಕಿಲ್ಲ.

ನಾನು ಓದಿದ ಮೊದಲನೆಯದ್ದು ಉತ್ತರಾಖಂಡದ ಜೋಶಿಮಠ ಊರಿನ ನೆಲ ಕುಸಿಯುತ್ತಿದ್ದುದರ ಬಗ್ಗೆ. 'ಸಬ್ಸಿಡೆನ್ಸ್' ಅನ್ನುವ ಪದ ಅವತ್ತು ಕಲಿತೆ. ಮನೆಗಳ ಗೋಡೆ ಬಿರುಕು ಬಿಟ್ಟ ಫೋಟೊ ಆಗಲೇ ನೋಡಿದ್ದೆ, ಹಾಗಾಗಿ ಪದಕ್ಕೆ ಕೂತುಕೊಳ್ಳಲು ಜಾಗ ಸಿಕ್ಕಿತು. ಇದೇ ಈ ವಿಧಾನದ ದೊಡ್ಡ ಗುಣ. ಪದದ ಪಟ್ಟಿ ಉರು ಹೊಡೆದರೆ ಮೂರು ದಿನಕ್ಕೆ ಮರೆಯುತ್ತದೆ. ಅದೇ 2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಜನ ಸಿಕ್ಕಿಬಿದ್ದಾಗ, ಗಯಾದವನು ದಿನಾ ಎದ್ದ ಕೂಡಲೇ ಫೋನ್ ನೋಡುತ್ತಿದ್ದ, ಅದರಲ್ಲಿ ಬಿಹಾರದವರೂ ಇದ್ದರು. 17ನೇ ದಿನ ಅವರೆಲ್ಲ ಜೀವಂತ ಹೊರಗೆ ಬಂದ ಮೇಲೆ ಬಂದ ಸಂಪಾದಕೀಯದಲ್ಲಿ 'ಆರ್ಡೀಲ್' ಅನ್ನುವ ಪದ ಇತ್ತು. ಪಿಡಿಎಫ್‌ನಲ್ಲಿ ಅರ್ಥ 'ಅಗ್ನಿಪರೀಕ್ಷಾ' ಅಂತಿತ್ತು. ಅವನಿಗೂ ನನಗೂ ಒಂದೇ ಪದ, ಒಂದೇ ಸಲಕ್ಕೆ ಅರ್ಥವಾಯಿತು. ಆ ಪದವನ್ನು ಅವನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನೊಂದು ಒಳ್ಳೆಯದು ಪದಗಳು ತಾವಾಗಿಯೇ ತಿರುಗಿ ಬರುವುದು. ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ಎರಡು ತಿಂಗಳಿಗೊಮ್ಮೆ ಸೇರುತ್ತದೆ. 2023ರ ಫೆಬ್ರವರಿಯಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಶೇ 6.5ಕ್ಕೆ ಏರಿತು, ಆಮೇಲೆ ಎರಡು ವರ್ಷ ಅಲ್ಲಾಡಲಿಲ್ಲ, 2025ರ ಫೆಬ್ರವರಿಯಲ್ಲಿ 6.25ಕ್ಕೆ ಇಳಿಯಿತು. ಅಷ್ಟೂ ಸಲ ಅದರ ಬಗ್ಗೆ ಸಂಪಾದಕೀಯ ಬರುತ್ತಿತ್ತು. 'ಹಾಕಿಶ್' (ಬಡ್ಡಿ ಬಿಗಿ ಮಾಡುವ ಕಡೆ), 'ಡವಿಶ್' (ಸಡಿಲಿಸುವ ಕಡೆ), 'ಸ್ಟ್ಯಾನ್ಸ್' (ನಿಲುವು), 'ಸ್ಟೇಟಸ್ ಕೋ' (ಯಥಾಸ್ಥಿತಿ) ಮತ್ತೆ ಮತ್ತೆ ಎದುರಾಗುತ್ತಿದ್ದವು. ಐದನೇ ಸಲ ಬಂದಾಗ ಪಿಡಿಎಫ್ ನೋಡುವ ಅಗತ್ಯವೇ ಇರಲಿಲ್ಲ. ಹಾಗೆಯೇ ಫೆಬ್ರವರಿ ಅಂದರೆ ಬಜೆಟ್ ಪದಗಳು, ಜುಲೈ ಅಂದರೆ ಮಳೆ ಮತ್ತು ಪ್ರವಾಹದ ಪದಗಳು. ಆದ್ದರಿಂದ ಮೂರು ತಿಂಗಳ ಪ್ಲಾನ್ ತೆಗೆದುಕೊಂಡರೆ ಸುಮ್ನೆ ದುಡ್ಡು ದಂಡ. ಒಂದು ವರ್ಷದ ಋತುಚಕ್ರ ಪೂರ್ತಿ ಸುತ್ತಿದರೇನೇ ಇದರ ಲಾಭ ಗೊತ್ತಾಗುವುದು.

ದೇವನಾಗರಿಯಲ್ಲಿ ಉಚ್ಚಾರಣೆ ಕೊಡುವುದೂ ನನಗೆ ಬಹಳ ಇಷ್ಟವಾಯಿತು. 'ಸಟ್ಲ್' (subtle) ಅನ್ನುವುದರಲ್ಲಿ ಬಿ ಮಾತಾಡುವುದಿಲ್ಲ, 'ಡೆಬ್ರಿ'ಯಲ್ಲಿ (debris) ಕೊನೆಯ ಎಸ್ ಕೇಳಿಸುವುದಿಲ್ಲ, 'ಕೂ' (coup) ಅನ್ನುವುದರಲ್ಲಿ ಪಿ ಕೇಳಿಸುವುದಿಲ್ಲ ಅಂತ ನಮಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಬಲ್ಲಿಯಾದವನು ಸ್ಟೇಷನ್ನಿಗೆ 'ಇಸ್ಟೇಷನ್' ಅನ್ನುತ್ತಿದ್ದ, ನಾನು ಎಡಿಟೋರಿಯಲ್‌ಗೆ 'ಯೆಡಿಟೋರಿಯಲ್' ಅನ್ನುತ್ತಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ತಿದ್ದಿಕೊಂಡೆವು.

ಈಗ ತೊಂದರೆಗಳಿಗೆ ಬರುತ್ತೇನೆ.

ಮೊದಲನೆಯದು ನನ್ನಂಥ ಕನ್ನಡದವರಿಗೆ ಮಾತ್ರ ಆಗುವ ತೊಂದರೆ, ಆದರೆ ಗಂಭೀರವಾದದ್ದು. ಹಿಂದಿಯಲ್ಲೂ ಕನ್ನಡದಲ್ಲೂ ಒಂದೇ ಪದ ಇರುತ್ತದೆ, ಅರ್ಥ ಬೇರೆ. 'ಅಮೆಂಡ್‌ಮೆಂಟ್' ಪದಕ್ಕೆ 'ಸಂಶೋಧನ್' ಅಂತ ಬರೆದಿರುತ್ತಾರೆ. ನಾವು ಸಂಶೋಧನೆ ಅಂದರೆ ರಿಸರ್ಚ್ ಅಂದುಕೊಳ್ಳುತ್ತೇವೆ, ಅವರಿಗೆ ಅದು ತಿದ್ದುಪಡಿ. 'ಕ್ರಿಟಿಸಿಸಂ'ಗೆ 'ಆಲೋಚನಾ', ನಮಗೆ ಆಲೋಚನೆ ಅಂದರೆ ಯೋಚನೆ. 'ಇಂಡಸ್ಟ್ರಿ'ಗೆ 'ಉದ್ಯೋಗ್', 'ಪ್ರೊಫೆಷನ್'ಗೆ 'ವ್ಯವಸಾಯ್', 'ಆಪರ್ಚುನಿಟಿ'ಗೆ 'ಅವಸರ್'. ಹಿಂದಿ ಚೆನ್ನಾಗಿ ಬರುತ್ತದೆ ಅಂದುಕೊಂಡವರೂ ಇಲ್ಲಿ ಜಾರುತ್ತಾರೆ, ಯಾಕೆಂದರೆ ಗೊತ್ತಿಲ್ಲದ ಪದವನ್ನು ಹುಡುಕುತ್ತೇವೆ, ಗೊತ್ತಿದೆ ಅನ್ನಿಸಿದ ಪದವನ್ನು ಹುಡುಕುವುದಿಲ್ಲ. ನನಗೆ ಪೆಟ್ಟು ಬಿದ್ದಿದ್ದು 'ಖುಲಾಸಾ' ಅನ್ನುವಲ್ಲಿ. 'ಡಿಸ್‌ಕ್ಲೋಷರ್' ಪದಕ್ಕೆ ಹಾಗೆ ಅರ್ಥ ಕೊಟ್ಟಿದ್ದರು. ಖುಲಾಸೆ ಅಂದರೆ ಕೋರ್ಟು ಆರೋಪಿಯನ್ನು ಬಿಟ್ಟು ಕಳಿಸುವುದು ಅಲ್ವಾ? ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎರಡು ತಿಂಗಳ ನಂತರ ಮಾಕ್ ಟೆಸ್ಟಿನಲ್ಲಿ ಅದೇ ಪದ ಬಂತು, ಧೈರ್ಯವಾಗಿ ತಪ್ಪು ಉತ್ತರ ಹಾಕಿದೆ. 'ರಾಜೀನಾಮಾ' ಕೂಡ ಹೀಗೆ. ನಮಗೆ ಕೆಲಸ ಬಿಡುವುದು, ಹಿಂದಿಯವರಿಗೆ ಎರಡು ಕಡೆಯವರು ರಾಜಿಯಾಗಿ ಬರೆದುಕೊಡುವ ಪತ್ರ, ಕೆಲಸ ಬಿಟ್ಟರೆ ಅವರು 'ಇಸ್ತೀಫಾ' ಅನ್ನುತ್ತಾರೆ. ಕನ್ನಡದವರು ಇಂಥ ಕೋರ್ಸ್ ತೆಗೆದುಕೊಂಡರೆ ಹಿಂದಿ ಅರ್ಥದ ಕಾಲಂ ಪಕ್ಕದಲ್ಲಿ ಕೈಯಿಂದ ಇನ್ನೊಂದು ಕಾಲಂ ಎಳೆದುಕೊಳ್ಳಲೇಬೇಕು.

ಎರಡನೆಯ ತೊಂದರೆ ಹಿಂದಿಯವರಿಗೂ ಇದೆ, ಅದು ನನಗೆ ಗೊತ್ತಾಗಿದ್ದು ತಡವಾಗಿ. ಗಯಾದವನು ಮನೆಯಲ್ಲಿ ಮಗಹಿ ಮಾತಾಡುತ್ತಾನೆ, ಬಲ್ಲಿಯಾದವನು ಭೋಜ್‌ಪುರಿ. ಪಿಡಿಎಫ್‌ನಲ್ಲಿ ಬರುವ ಹಿಂದಿ ಸರ್ಕಾರಿ ಸುತ್ತೋಲೆಯ ಹಿಂದಿ. 'ರಿಕ್ಯಾಲ್ಸಿಟ್ರಂಟ್' ಪದಕ್ಕೆ 'ಅವಜ್ಞಾಕಾರೀ' ಅಂತ ಬರೆದಿದ್ದರು. ಗಯಾದವನು ಅದನ್ನು ಮೂರು ಸಲ ಓದಿ, ಈ ಹಿಂದಿಗೇ ಇನ್ನೊಂದು ಡಿಕ್ಷನರಿ ಬೇಕು ಅಂದ. ಆಗ ಬಲ್ಲಿಯಾದವನು, ಅದೇ ಕಣೋ, 'ಅಡಿಯಲ್ ಟಟ್ಟೂ', ಅಂದ. ಎಷ್ಟು ಹೊಡೆದರೂ ಹೆಜ್ಜೆ ಎತ್ತದ ಮೊಂಡು ಕುದುರೆ. ಪದ ಅಲ್ಲೇ ನಿಂತಿತು. ನಾನು ನನ್ನ ಪುಸ್ತಕದಲ್ಲಿ 'ಮೊಂಡ ಎತ್ತು' ಅಂತ ಬರೆದೆ. ಅವತ್ತಿನಿಂದ ನಮ್ಮ ರೂಮಿನಲ್ಲಿ ಒಂದು ನಿಯಮ ಆಯಿತು: ಪಿಡಿಎಫ್ ಕೊಟ್ಟ ಅರ್ಥ ಬಾಯಿಪಾಠ ಮಾಡುವ ಹಾಗಿಲ್ಲ, ಅವರವರ ಮನೆಯ ಮಾತಿನಲ್ಲಿ ಏನನ್ನುತ್ತಾರೆ ಅಂತ ಹೇಳಲೇಬೇಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಒಂದೇ ಹಿಂದಿ ಅರ್ಥವನ್ನು ಹತ್ತು ಇಂಗ್ಲಿಷ್ ಪದಗಳಿಗೆ ಅಂಟಿಸುತ್ತಾರೆ. 'ವಯಲೇಟ್', 'ಬ್ರೀಚ್', 'ಇನ್‌ಫ್ರಿಂಜ್', 'ಕಾಂಟ್ರವೀನ್', 'ಫ್ಲೌಟ್', ಎಲ್ಲದಕ್ಕೂ 'ಉಲ್ಲಂಘನ್ ಕರ್‌ನಾ'. ಇದರಲ್ಲಿ ಏನು ಕಳೆದುಹೋಗುತ್ತದೆ ಅಂತ ನನಗೆ ಗೊತ್ತಾಗಿದ್ದು ಎರಡು ಘಟನೆಗಳಿಂದ. 2023ರ ಜೂನ್ 15ರಂದು ಮುಖರ್ಜಿ ನಗರದ ಒಂದು ಕೋಚಿಂಗ್ ಕಟ್ಟಡದಲ್ಲಿ ಬೆಂಕಿ ಬಿತ್ತು. ವಿದ್ಯಾರ್ಥಿಗಳು ಕಿಟಕಿಯಿಂದ ವೈರು ಹಿಡಿದು ಕೆಳಗೆ ಇಳಿದ ವಿಡಿಯೊ ನೀವೂ ನೋಡಿರಬಹುದು. ನಮ್ಮ ರೂಮಿನಿಂದ ನಡೆದು ಹೋಗುವಷ್ಟು ದೂರ. ಆಮೇಲೆ 2024ರ ಜುಲೈ 27ರಂದು ಓಲ್ಡ್ ರಾಜೇಂದರ್ ನಗರದಲ್ಲಿ ಕೋಚಿಂಗ್ ಸೆಂಟರಿನ ಬೇಸ್‌ಮೆಂಟಿಗೆ ನೀರು ನುಗ್ಗಿ, ಅಲ್ಲಿದ್ದ ಲೈಬ್ರರಿಯಲ್ಲಿ ಓದುತ್ತಿದ್ದ ಮೂವರು ತೀರಿಕೊಂಡರು. ನಮ್ಮಂಥವರೇ. ಎರಡೂ ಸಲ ಓದಿದ ಬರಹಗಳಲ್ಲಿ 'ಫ್ಲೌಟ್' ಕಣ್ಣಿಗೆ ಬಿತ್ತು. ಅದು ಬರೀ ನಿಯಮ ಮುರಿಯುವುದಲ್ಲ. ನಿಯಮ ಇದೆ ಅಂತ ಗೊತ್ತು, ಯಾರೂ ಕೇಳುವುದಿಲ್ಲ ಅಂತಲೂ ಗೊತ್ತು, ಹಾಗಾಗಿ ರಾಜಾರೋಷವಾಗಿ ಮೀರುವುದು. ಕನ್ನಡದಲ್ಲಿ ನಿಯಮ ಗಾಳಿಗೆ ತೂರುವುದು ಅನ್ನುತ್ತೇವಲ್ಲ, ಸರಿಯಾಗಿ ಅದು. ಹಿಂದಿಯಲ್ಲೂ ಅದಕ್ಕೆ ಒಳ್ಳೆಯ ಮಾತಿದೆ, 'ಧಜ್ಜಿಯಾಂ ಉಡಾನಾ'. ನಿಯಮವನ್ನು ಚಿಂದಿ ಮಾಡಿ ಹಾರಿಸುವುದು. ಇಷ್ಟು ಚೆಂದದ ಮಾತು ಕೈಯಲ್ಲೇ ಇರುವಾಗ 'ಉಲ್ಲಂಘನ್' ಅಂತ ಬರೆದು ಮುಗಿಸಿದರೆ ಆ ಪದದ ಸಿಟ್ಟು ಎಲ್ಲಿ ಹೋಯಿತು? ಸಿನೊನಿಮ್ ಪಟ್ಟಿಯಲ್ಲೂ ಇದೇ ಕಥೆ. 'ಫ್ರೂಗಲ್' ಮತ್ತು 'ಸ್ಟಿಂಜಿ' ಒಂದೇ ಸಾಲಿನಲ್ಲಿ ಇರುತ್ತವೆ. ನನ್ನ ಅಮ್ಮ ಫ್ರೂಗಲ್, ಕೈ ಬಿಗಿ ಹಿಡಿದು ಮನೆ ನಡೆಸಿದವಳು. ಅವಳನ್ನು ಯಾರಾದರೂ ಜಿಪುಣಿ ಅಂದರೆ ನಾನು ಸುಮ್ಮನಿರುವುದಿಲ್ಲ.

ಇನ್ನು ನೇರ ತಪ್ಪುಗಳು. ಹೈಕೋರ್ಟ್ ನ್ಯಾಯಮೂರ್ತಿಗಳ ಹುದ್ದೆ ಖಾಲಿ ಇರುವ ಬಗ್ಗೆ ಒಂದು ಸಂಪಾದಕೀಯ. ಅದರಲ್ಲಿ 'ಸ್ಯಾಂಕ್ಷನ್ಡ್ ಸ್ಟ್ರೆಂತ್' ಅಂತಿತ್ತು. ಅಂದರೆ ಮಂಜೂರಾದ ಹುದ್ದೆಗಳ ಸಂಖ್ಯೆ. ಪಿಡಿಎಫ್‌ನಲ್ಲಿ 'ಸ್ಯಾಂಕ್ಷನ್' ಅಂದರೆ 'ಪ್ರತಿಬಂಧ್' ಅಂತ ಹಾಕಿದ್ದರು. ಹಿಂದಿನ ವಾರ ರಷ್ಯಾ ಮೇಲಿನ ನಿರ್ಬಂಧದ ಲೇಖನಕ್ಕೆ ಬರೆದಿದ್ದನ್ನೇ ತಂದು ಅಂಟಿಸಿದ್ದಾರೆ. ಒಪ್ಪಿಗೆ, ನಿರ್ಬಂಧ ಎರಡೂ ಅರ್ಥ ಇರುವ ಪದ ಅದು, ಸಾಲು ನೋಡದೆ ಅರ್ಥ ಕೊಟ್ಟರೆ ಉಲ್ಟಾ ಆಗುತ್ತದೆ. 'ಓವರ್‌ಸೈಟ್' ಕೂಡ ಹಾಗೇ, ಸಂಸತ್ತಿನ ಮೇಲ್ವಿಚಾರಣೆ ಅನ್ನುವ ಜಾಗದಲ್ಲಿ 'ಚೂಕ್', ಅಂದರೆ ಕಣ್ತಪ್ಪು ಅಂತ ಬಂದಿತ್ತು. ಎರಡು ಸಲ ಆ್ಯಪ್‌ನಲ್ಲಿ ಬರೆದು ತಿಳಿಸಿದೆ. ಉತ್ತರ ಬರಲಿಲ್ಲ, ಪಿಡಿಎಫ್ ತಿದ್ದಲೂ ಇಲ್ಲ. ವಿಡಿಯೊದ ಮೊದಲ ಹನ್ನೆರಡು ನಿಮಿಷ ಬೇರೆ ಬ್ಯಾಚಿನ ಜಾಹೀರಾತು, ಅದನ್ನು ಓಡಿಸಿಬಿಡಿ. ಎರಡನೇ ವರ್ಷ ಹೇಳದೆ ಕೇಳದೆ ಆಟೊ ರಿನ್ಯೂ ಆಗಿ ದುಡ್ಡು ಕಟ್ ಆಯಿತು, ಕೊಂಡ ದಿನವೇ ಆ ಬಟನ್ ಆಫ್ ಮಾಡಿಡಿ.

ಇಂಥ ಹೊತ್ತಿನಲ್ಲಿ ನಮ್ಮನ್ನು ಕಾಪಾಡಿದ್ದು ಗಯಾದವನ ಅಪ್ಪ ಕೊಟ್ಟು ಕಳಿಸಿದ ಒಂದು ದಪ್ಪ ಡಿಕ್ಷನರಿ. ಫಾದರ್ ಕಾಮಿಲ್ ಬುಲ್ಕೆ ಅವರ ಇಂಗ್ಲಿಷ್-ಹಿಂದಿ ಕೋಶ, ಮೊದಲು ಬಂದಿದ್ದು 1968ರಲ್ಲಿ. ಬೆಲ್ಜಿಯಂನಲ್ಲಿ ಹುಟ್ಟಿದವರು, ಪಾದ್ರಿಯಾಗಿ ಬಂದು ರಾಂಚಿಯಲ್ಲಿ ಹಿಂದಿ ಕಲಿಸಿದರು. ನಮ್ಮ ಕಿಟ್ಟೆಲ್ ಅವರ ಹಾಗೆಯೇ. ಕಿಟ್ಟೆಲ್ ಕನ್ನಡದಿಂದ ಇಂಗ್ಲಿಷಿಗೆ 1894ರಲ್ಲಿ ಕೊಟ್ಟರು, ಇವರು ಇಂಗ್ಲಿಷಿನಿಂದ ಹಿಂದಿಗೆ. ಒಂದು ಪದಕ್ಕೆ ಎಲ್ಲಾ ಅರ್ಥಗಳನ್ನೂ ಬೇರೆ ಬೇರೆ ಮಾಡಿ ಕೊಟ್ಟಿರುವುದರಿಂದ ಪಿಡಿಎಫ್‌ನ ತಪ್ಪು ಅಲ್ಲಿ ಕೂಡಲೇ ಸಿಕ್ಕಿಬೀಳುತ್ತಿತ್ತು. ಹಿಂದಿಯವರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಅದನ್ನು ಕೊಳ್ಳಿ ಅಂತ.

ಪರೀಕ್ಷೆಗೆ ಎಷ್ಟು ಸಹಾಯ ಆಯಿತು? ಟಿಯರ್ 1 ಮಾಕ್‌ಗಳಲ್ಲಿ 25ಕ್ಕೆ 14-15 ಸರಿ ಬರುತ್ತಿದ್ದುದು ಒಂದೂವರೆ ವರ್ಷದ ಮೇಲೆ 21-22ಕ್ಕೆ ಬಂತು. ಆದರೆ ಅಷ್ಟೂ ಈ ಕೋರ್ಸಿನ ಲೆಕ್ಕಕ್ಕೆ ಬರೆಯಲಾರೆ. ಎಸ್‌ಎಸ್‌ಸಿಯ ಸಿನೊನಿಮ್, ಈಡಿಯಮ್, ಒಂದು ಪದದ ಉತ್ತರ, ಇವಕ್ಕೆಲ್ಲ ಹಳೆಯ ಪ್ರಶ್ನೆಪತ್ರಿಕೆಗಳೇ ದಾರಿ, ಅವೇ ಪದಗಳು ತಿರುಗಿ ಬರುತ್ತವೆ. ಸಂಪಾದಕೀಯ ಓದಿದ್ದರಿಂದ ಲಾಭ ಆಗಿದ್ದು ಕ್ಲೋಜ್ ಟೆಸ್ಟ್ (ಬರಹದಲ್ಲಿ ಬಿಟ್ಟ ಪದ ತುಂಬುವುದು), ಪ್ಯಾಸೇಜ್ ಮತ್ತು ತಪ್ಪು ಹುಡುಕುವ ಪ್ರಶ್ನೆಗಳಲ್ಲಿ. ಹಿಂದಿಯಲ್ಲೂ ಕನ್ನಡದಲ್ಲೂ ಇಂಗ್ಲಿಷಿನ 'ದ' (the) ಅನ್ನುವಂಥದ್ದು ಇಲ್ಲ, ಎಲ್ಲಿ ಹಾಕಬೇಕು ಅಂತ ನಿಯಮ ಓದಿದರೆ ತಲೆಗೆ ಹತ್ತುವುದಿಲ್ಲ, ದಿನಾ ಓದಿ ಓದಿ ಕಿವಿಗೆ ಅಭ್ಯಾಸ ಆಗಬೇಕು. ಬ್ಯಾಂಕ್ ಪರೀಕ್ಷೆ ಬರೆಯುವವರಿಗೆ ಇದು ಇನ್ನೂ ಜಾಸ್ತಿ ಕೆಲಸಕ್ಕೆ ಬರುತ್ತದೆ. ಐಬಿಪಿಎಸ್ ಪಿಒ ಪ್ರಿಲಿಮ್ಸ್‌ನಲ್ಲಿ 20 ನಿಮಿಷಕ್ಕೆ 30 ಇಂಗ್ಲಿಷ್ ಪ್ರಶ್ನೆ, ಅಲ್ಲಿ ಓದುವ ವೇಗವೇ ಅರ್ಧ ಗೆಲುವು. ಬಲ್ಲಿಯಾದವನು ಬ್ಯಾಂಕಿಗೇ ಹೋದ.

ಎರಡನೇ ವರ್ಷದಿಂದ ನಾವು ಕೋರ್ಸನ್ನು ಬೇರೆ ರೀತಿ ಬಳಸಿದೆವು, ಫಲ ಸಿಕ್ಕಿದ್ದೂ ಆಗಲೇ. ಬೆಳಿಗ್ಗೆ ಪಿಡಿಎಫ್ ತೆರೆಯುತ್ತಿರಲಿಲ್ಲ. ಮೊದಲು ಪತ್ರಿಕೆ, ಕಾಗದದ್ದು, ಮೂವರೂ ದುಡ್ಡು ಹಾಕಿ ತರಿಸುತ್ತಿದ್ದೆವು. ಟೆಲಿಗ್ರಾಂನಲ್ಲಿ ಇಡೀ ಪತ್ರಿಕೆಯ ಪಿಡಿಎಫ್ ಪುಕ್ಕಟೆ ಹರಿದಾಡುತ್ತದೆ, ಅದು ಬೇಡ. ದೈನಿಕ್ ಜಾಗರಣ್ ನಡೆಸುವ ಕಂಪನಿ ಇದರ ಮೇಲೆ ದೆಹಲಿ ಹೈಕೋರ್ಟಿಗೆ ಹೋಗಿ, 2020ರಲ್ಲೇ ಅಂಥ ಚಾನೆಲ್‌ಗಳನ್ನು ತೆಗೆಯಬೇಕು ಅಂತ ಆದೇಶ ತಂದಿತ್ತು. ನಮಗೆ ಬರೆದು ಕಲಿಸುತ್ತಿರುವವರ ಅನ್ನ ಅದು. ಪತ್ರಿಕೆ ಓದಿ, ಗೊತ್ತಿಲ್ಲದ ಪದಕ್ಕೆ ಗೆರೆ ಎಳೆದು, ಅರ್ಥ ಊಹಿಸಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆವು. ಆಮೇಲೆ ಅದೇ ವಿಷಯದ ಮೇಲೆ ಅವರಿಬ್ಬರು ಹಿಂದಿ ಪತ್ರಿಕೆಯ ಸಂಪಾದಕೀಯ ಓದುತ್ತಿದ್ದರು, ನಾನು ಪ್ರಜಾವಾಣಿಯದ್ದು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಯೋಜನೆ ರದ್ದು ಮಾಡಿತಲ್ಲ, ಮಾರನೆಯ ದಿನ ಹೀಗೆ ಭಾಷೆ ಭಾಷೆ ಪಕ್ಕಪಕ್ಕ ಇಟ್ಟು ಓದಿದೆವು. 'ಸ್ಟ್ರೈಕ್ ಡೌನ್' (ರದ್ದು ಮಾಡುವುದು), 'ಒಪೇಕ್' (ಪಾರದರ್ಶಕವಲ್ಲದ್ದು), 'ಕ್ವಿಡ್ ಪ್ರೊ ಕೋ' (ಕೊಟ್ಟು ಪಡೆಯುವುದು) ಇವಕ್ಕೆ ನಮ್ಮ ನಮ್ಮ ಪತ್ರಿಕೆಯವರು ಏನು ಬರೆದಿದ್ದಾರೆ ಅಂತ ಹುಡುಕುತ್ತಾ ಹುಡುಕುತ್ತಾ ಪದದ ಜೊತೆ ವಿಷಯವೂ ತಲೆಯಲ್ಲಿ ಕೂತಿತು. 'ಆರ್ಡಿನೆನ್ಸ್'ಗೆ ಅವರು 'ಅಧ್ಯಾದೇಶ್' ಅಂದರು, ನಾನು 'ಸುಗ್ರೀವಾಜ್ಞೆ' ಅಂದೆ. ಸುಗ್ರೀವ ಇಲ್ಲಿಗೆ ಹೇಗೆ ಬಂದ ಅಂತ ಇಬ್ಬರೂ ಬಾಯಿ ಬಿಟ್ಟು ಕೇಳಿದರು. ಕಪಿಗಳಿಗೆ ಸುಗ್ರೀವ ಕೊಟ್ಟ ಆಜ್ಞೆಯ ಹಾಗೆ, ಎದುರು ಮಾತಿಲ್ಲದ ಆಜ್ಞೆ ಅಂತ ನಾನು ಹೇಳಿದೆ. ಮೂರೂ ಜನ ಸಂಜೆವರೆಗೂ ಆ ಪದವನ್ನೇ ಹೇಳಿಕೊಂಡು ಓಡಾಡಿದೆವು. ಪಿಡಿಎಫ್ ತೆರೆಯುತ್ತಿದ್ದುದು ರಾತ್ರಿ, ನಮ್ಮ ಊಹೆ ಸರಿಯಾ ಅಂತ ನೋಡಲು. ಆ ಕೆಲಸಕ್ಕೆ ಅದು ತುಂಬಾ ಚೆನ್ನಾಗಿದೆ.

ಐದಕ್ಕೆ ನನ್ನ ರೇಟಿಂಗ್ ಮೂರು. ಹಿಂದಿ ಮೀಡಿಯಂನಿಂದ ಬಂದು, ಇಂಗ್ಲಿಷ್ ಪತ್ರಿಕೆ ನೋಡಿದರೇ ಎದೆ ಡವಡವ ಅನ್ನುವವರಿಗೆ ಮೊದಲ ಆರು ತಿಂಗಳು ನಾಲ್ಕೂವರೆ ಕೊಡುತ್ತೇನೆ, ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುವವರು ಬೇಕು, ವಿಡಿಯೊದ ಸರ್ ಆ ಕೆಲಸವನ್ನು ಪ್ರೀತಿಯಿಂದ ಮಾಡುತ್ತಾರೆ. ಕನ್ನಡದವರಿಗೆ ಹಿಂದಿ ಚೆನ್ನಾಗಿ ಬಂದರೂ ಎರಡೂವರೆ. ಎರಡನೇ ವರ್ಷಕ್ಕೆ ಯಾರಿಗೂ ರಿನ್ಯೂ ಮಾಡಿ ಅನ್ನುವುದಿಲ್ಲ, ಆ 999 ರೂಪಾಯಿ ಪತ್ರಿಕೆಗೆ ಹಾಕಿ.

ನನಗೆ ಎರಡನೇ ಪ್ರಯತ್ನದಲ್ಲಿ ಕೆಲಸ ಸಿಕ್ಕಿತು, ದೆಹಲಿ ಬಿಟ್ಟೆ. ಗಯಾದವನು ಇನ್ನೂ ಅಲ್ಲೇ ಇದ್ದಾನೆ, ಈ ಸಲ ಆಗುತ್ತದೆ ಅಂತ ನನಗೆ ನಂಬಿಕೆ. ರಾತ್ರಿ ಒಂಬತ್ತಕ್ಕೆ ಅವತ್ತಿನ ಒಂದು ಪದ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾನೆ, ನಾನು ಕನ್ನಡದಲ್ಲಿ ಏನನ್ನುತ್ತಾರೆ ಅಂತ ಬರೆದು ಕಳಿಸುತ್ತೇನೆ. ನಿನ್ನೆ ಬಂದಿದ್ದು 'ಟೆನೇಶಿಯಸ್'. ಹಿಡಿದ ಪಟ್ಟು ಬಿಡದವನು, ಅಂತ ಕಳಿಸಿದೆ.